ಗರಗದೆಣ್ಣಿ ಹಚ್ಚಬೇಕೋ, ಮಿನಾಕ್ಸಿಡಿಲ್ ಹಚ್ಚಬೇಕೋ?

ಬಿಸಿಲೂರು, ಕಲಬುರಗಿ: ಗಂಡಸರ ಬಕ್ಕತಲಿಗೆ ರೋಸ್‌ಮೇರಿ ಎಣ್ಣಿ ಮಿನಾಕ್ಸಿಡಿಲ್ ಅನ್ನೋ ಕೂದಲ ಬೆಳಸೋ ಲೋಷನ್‌ಗೆ ಸಮ ಅಂತ ಎಲ್ಲಾ ಕಡಿ ವಿಡಿಯೋ ಬರ್ಲಿಕತ್ತಾವ. ನಮ್ಮ ಗರಗದ ಸೊಪ್ಪಿನೆಣ್ಣಿನೂ ಹಂಗ ಅಂತಾರ. ಖರೇನ್ರಿ?

ಔಷಧಿ ಕೌಂಟರ್: ಆ ಮಾತಿನ ಬೇರು 2015ರಲ್ಲಿ ಪ್ರಕಟವಾದ ಇರಾನಿನ ಒಂದು ಪ್ರಯೋಗ. 100 ಗಂಡಸರು, ಅರ್ಧ ಜನಕ್ಕೆ ರೋಸ್‌ಮೇರಿ, ಅರ್ಧ ಜನಕ್ಕೆ ಮಿನಾಕ್ಸಿಡಿಲ್. 3 ತಿಂಗಳಿಗೆ ಎರಡರಲ್ಲೂ ಹೇಳಿಕೊಳ್ಳುವಂಥ ಫಲ ಇಲ್ಲ, 6 ತಿಂಗಳಿಗೆ ಎರಡರಲ್ಲೂ ಕೂದಲು ಹೆಚ್ಚಾಯ್ತು. ವಿಡಿಯೋದವರು ನುಂಗಿಬಿಡೋದು ಏನಂದ್ರೆ, ಅಲ್ಲಿ ಹಚ್ಚಿದ್ದು 2% ಮಿನಾಕ್ಸಿಡಿಲ್. ಗಂಡಸರಿಗೆ ಸಾಮಾನ್ಯವಾಗಿ ಕೊಡೋದು 5%. ಮದ್ದಿಲ್ಲದ ಲೋಷನ್ ಹಚ್ಚಿ ಹೋಲಿಸಿದ ಗುಂಪೂ ಇರಲಿಲ್ಲ. ಸಮ ಅನ್ನಲಿಕ್ಕೆ ಅಷ್ಟು ಸಾಲದು.

ಗರಗದ ಬೇರು, ಬೀದರ್: ಹಾಗಂತ ಗರಗವನ್ನು ತಳ್ಳಿಹಾಕಬೇಡಿ. ಭೃಂಗರಾಜ ಅಂದರೆ ಇದೇ ಗರಗ, ಅದರ ಸಾರ ಹಚ್ಚಿದ ಇಲಿಗಳಲ್ಲಿ ಕೂದಲು ಬೇಗ ಹುಟ್ಟಿದ್ದು ದಾಖಲಾಗಿದೆ. ಜನ ಎಣ್ಣೆ ಕಾಯಿಸೋದೇ ತಪ್ಪು: ಹಸಿ ಸೊಪ್ಪು ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸ್ತಾರೆ, ನೀರಂಶ ಉಳಿದು ಎಣ್ಣೆ ಕಮಟುತ್ತದೆ. ಸರಿಯಾದ ಅಳತೆ: ಸೊಪ್ಪು ಅರೆದ ಮುದ್ದೆ (ಕಲ್ಕ) 1 ಪಾಲು, ಎಳ್ಳೆಣ್ಣೆ 4, ಸೊಪ್ಪಿನ ರಸ 16. ಸಣ್ಣ ಉರಿ, ಕೈಯಾಡಿಸ್ತಾ ಇರಬೇಕು. ಕಲ್ಕವನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಚಟಪಟ ಅನ್ನಬಾರದು, ಎಣ್ಣೆ ಮೇಲೆ ನೊರೆ ಏಳಬೇಕು. ಆಗ ಇಳಿಸಿ ಸೋಸಿ.

ಔಷಧಿ ಕೌಂಟರ್: ಪಾಕ ಒಪ್ಪಿದೆ. ಆದರೆ ಇಲಿಯ ಬೋಳಿಸಿದ ಬೆನ್ನು ಬೇರೆ, ಡಿಎಚ್‌ಟಿ ಎಂಬ ಗಂಡು ಹಾರ್ಮೋನಿಗೆ ಕೂದಲ ಬೇರು ಸಣ್ಣಗಾಗ್ತಾ ಹೋಗುವ ನೆತ್ತಿ ಬೇರೆ. ಇನ್ನೊಂದು: ಟೈಫಾಯಿಡ್, ಡೆಂಗಿ ಬಂದು ಹೋದ 2-3 ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರುತ್ತೆ, ಬಳಿಕ ತಾನಾಗಿ ಬರುತ್ತೆ. ಆಗ ಹಚ್ಚಿದ ಎಣ್ಣೆಗೆ ಹೆಸರು ಬರುತ್ತೆ. ಎಣ್ಣೆಯ ಕೀರ್ತಿ ಬಹಳಷ್ಟು ಅಲ್ಲಿಂದ ಬಂದದ್ದು.

ಭೀಮಾತೀರ, ಯಾದಗಿರಿ: ಬೋರ್ ನೀರಿಗೆ ಬಕ್ಕತಲಿ ಆಗ್ತದ ಅನ್ನೋದೂ ಅಂಥಾದ್ದ. ಗಡಸು ನೀರಿಗೆ ಕೂದಲ ಒರಟಾಗಿ ನಡು ಮುರೀತಾವ, ಬೇರು ಸಾಯಂಗಿಲ್ಲ.

5% ಮಿನಾಕ್ಸಿಡಿಲ್ ಹಚ್ಚೋರು ಕೆಡಸೋದು ಹಚ್ಚೋ ರೀತಿಯೊಳಗ. ಸರಿಯಾದ್ದು ಹಿಂಗ: 1 ಎಂಎಲ್, ದಿನಕ್ಕ ಎರಡು ಸರ್ತಿ, ಒಣ ನೆತ್ತಿಗೆ. ಕೂದಲಕ್ಕಲ್ಲ, ಬೈತಲಿ ತಗದು ಚರ್ಮಕ್ಕ. 4 ತಾಸು ತೊಳಿಬಾರದು. ನಮ್ಮ ಮೇ ಬಿಸಿಲಾಗ ಹಚ್ಚಿ ಹೆಲ್ಮೆಟ್ ಹಾಕ್ಕೊಂಡು ಹೊಂಟ್ರ ಬೆವರಿನ ಜೋಡಿ ಹಣಿಗೆ ಇಳೀತದ, ಬ್ಯಾಡಾದಲ್ಲಿ ಕೂದಲ ಹುಟ್ಟತಾವ. ನಸುಕಿನ್ಯಾಗ ಒಮ್ಮೆ, ಮಲಗೂ 2 ತಾಸು ಮುಂಚೆ ಒಮ್ಮೆ ಹಚ್ರಿ. ಮೊದಲ ವಾರಗಳಾಗ ಇನ್ನೂ ಹೆಚ್ಚು ಉದುರ್ತಾವ. ಹಳೇ ಕೂದಲ ಜಾಗ ಬಿಡೋದು ಅದು, ಅಂಜಿ ಬಿಡಬ್ಯಾಡ್ರಿ. 4-6 ತಿಂಗಳ ತಡೀರಿ. ನಿಲ್ಲಿಸಿದ್ರ ಬಂದದ್ದು 3-4 ತಿಂಗಳಾಗ ಹೋಗ್ತದ.

ಬಿಸಿಲೂರು, ಕಲಬುರಗಿ: ಎರಡೂ ಹಚ್ಚಬಹುದಾ?

ಗರಗದ ಬೇರು, ಬೀದರ್: ವಾರಕ್ಕೊಮ್ಮೆ ಎಣ್ಣೆ, ತಾಸು ಬಿಟ್ಟು ತೊಳೆದು ಪೂರಾ ಒಣಗಿದ ಮೇಲೆ ಲೋಷನ್. ತಲೆಹೊಟ್ಟು ಇದ್ದರೆ ಎಣ್ಣೆ ಬೇಡ, ಹೆಚ್ಚಾಗುತ್ತೆ. ರೋಸ್‌ಮೇರಿಯನ್ನು ಬರಿದಾಗಿ ಸುರಿದರೆ ಚರ್ಮ ಸುಡುತ್ತೆ, 30 ಎಂಎಲ್ ಎಣ್ಣೆಗೆ 12 ಹನಿ ಸಾಕು.

ಔಷಧಿ ಕೌಂಟರ್: ಲೋಷನ್‌ಗೆ ತುರಿಕೆ ಬಂದರೆ ಬಹಳ ಸಲ ಕಾರಣ ಅದರೊಳಗಿನ ಪ್ರೊಪಿಲೀನ್ ಗ್ಲೈಕಾಲ್. ಅದಿಲ್ಲದ ಫೋಮ್ ಕೇಳಿ. ಎದೆ ಡವಗುಟ್ಟಿದರೆ, ಕಾಲು ಬಾತರೆ ನಿಲ್ಲಿಸಿ ವೈದ್ಯರ ಹತ್ರ ಹೋಗಿ. ಇದು ಮೂಲತಃ ಬಿಪಿ ಔಷಧಿ. ಮನೆಯಲ್ಲಿ ಬೆಕ್ಕಿದ್ದರೆ ಹಚ್ಚಿದ ತಲೆ, ದಿಂಬು ನೆಕ್ಕಲಿಕ್ಕೆ ಬಿಡಬೇಡಿ, ಬೆಕ್ಕಿಗೆ ಅದು ವಿಷ.