ಪದಚರ್ಚೆ: ‘ಆರ್ಮರ್ಡ್ ಕ್ರೂಸರ್’ ಶಸ್ತ್ರಸಜ್ಜಿತವೋ, ಕವಚಧಾರಿಯೋ? ‘ಬೆಲ್ಟ್’ಗೆ ಒಡ್ಯಾಣ ಎನ್ನಬಹುದೇ?

ಪ್ರಶ್ನೆ:

1905ರ ಹೊತ್ತಿಗೆ ಕಟ್ಟಬಹುದಾಗಿದ್ದ, ಆದರೆ ಯಾರೂ ಕಟ್ಟದ ಒಂದು ಆರ್ಮರ್ಡ್ ಕ್ರೂಸರಿನ (ಉಕ್ಕಿನ ಕವಚ ತೊಟ್ಟ ವೇಗದ ಯುದ್ಧನೌಕೆಯ) ಕಾಲ್ಪನಿಕ ವಿನ್ಯಾಸಕ್ಕೆ ಕನ್ನಡದಲ್ಲಿ ವಿವರಣೆ ಬರೆಯಬೇಕಿದೆ. ಲೆಕ್ಕ ಹೀಗಿದೆ: ನೀರಗೆರೆಯ ಮೇಲೆ ಉದ್ದ 150 ಮೀಟರ್, ಅಗಲ 21.5, ಮುಳುಗುವ ಆಳ 7.5, ವೇಗ 23 ನಾಟ್, ಹಿಂದೆ ಮುಂದೆ ಜೋಡಿಯಾಗಿ 8 ಇಂಚಿನ ನಾಲ್ಕು ಫಿರಂಗಿ, ಪಕ್ಕಗಳಲ್ಲಿ 6 ಇಂಚಿನ ಹನ್ನೆರಡು, ನಡುಭಾಗದ 90 ಮೀಟರಿಗೆ 150 ಮಿಲಿಮೀಟರ್ ದಪ್ಪದ ಕವಚ. ಹಡಗಿನ ಹೆಸರೇ ಮೊದಲ ತೊಡಕು. ಪತ್ರಿಕೆಗಳಲ್ಲಿ ‘ಶಸ್ತ್ರಸಜ್ಜಿತ ಗಸ್ತು ನೌಕೆ’ ಎಂದು ಕಂಡೆ. ಡಿಸ್‌ಪ್ಲೇಸ್‌ಮೆಂಟಿಗೆ ನಿಘಂಟು ‘ಸ್ಥಾನಪಲ್ಲಟ’ ಎನ್ನುತ್ತದೆ. ಬೆಲ್ಟ್, ಟರೆಟ್, ಬಾರ್ಬೆಟ್, ಕೇಸ್‌ಮೇಟ್, ಸೆಕೆಂಡರಿ ಬ್ಯಾಟರಿ, ‘45 ಕ್ಯಾಲಿಬರ್’, ‘ಕ್ರುಪ್ ಸಿಮೆಂಟೆಡ್’ ಇವಕ್ಕೆ ಏನನ್ನಬೇಕು? ಹಾಗೇ ಇಟ್ಟರೆ ಕನ್ನಡದ ಓದುಗನಿಗೆ ಏನೂ ಕಾಣುವುದಿಲ್ಲ ಎಂಬುದೇ ಅಳುಕು.

ಉತ್ತರ 1:

‘ಶಸ್ತ್ರಸಜ್ಜಿತ’ವನ್ನು ಮೊದಲು ಕೈಬಿಡಿ. ಅದು ಆರ್ಮ್ಡ್, ಆರ್ಮರ್ಡ್ ಅಲ್ಲ. ಅಂದಿನ ನೌಕಾಪಡೆಗಳಲ್ಲಿ ‘ಆರ್ಮ್ಡ್ ಮರ್ಚೆಂಟ್ ಕ್ರೂಸರ್’ ಎಂಬ ಬೇರೆಯೇ ಬಗೆ ಇತ್ತು, ಪ್ರಯಾಣಿಕರ ಹಡಗಿಗೆ ಫಿರಂಗಿ ಕೂರಿಸಿದ್ದು. ಶಸ್ತ್ರ ಎಂದರೆ ಓದುಗ ಅದನ್ನು ಇದೇ ಎಂದುಕೊಳ್ಳುತ್ತಾನೆ. ‘ಗಸ್ತು ನೌಕೆ’ಯೂ ಬೇಡ, ಕರಾವಳಿ ಪೊಲೀಸರ ದೋಣಿಗೆ ಆ ಮಾತು ಅಂಟಿಹೋಗಿದೆ. ‘ವಿಹಾರ ನೌಕೆ’ ಎಂದರಂತೂ ಮದುವೆ ದಿಬ್ಬಣವೇ ಹತ್ತಿಬಿಡುತ್ತದೆ. ಕ್ರೂಸರ್ ಕ್ರೂಸರ್ ಆಗಿಯೇ ಇರಲಿ.

ಉಳಿದದ್ದು ಮೊದಲರ್ಧ. ಬರೀ ‘ಕವಚದ ಕ್ರೂಸರ್’ ಎಂದರೆ ಸಾಲದು, ಯಾಕೆಂದರೆ ಅದೇ ಕಾಲದ ‘ಪ್ರೊಟೆಕ್ಟೆಡ್ ಕ್ರೂಸರ್’ಗೂ ಕವಚವಿತ್ತು. ವ್ಯತ್ಯಾಸ ಕವಚ ಎಲ್ಲಿದೆ ಎಂಬುದರಲ್ಲಿದೆ. ಪ್ರೊಟೆಕ್ಟೆಡ್ ಎಂದರೆ ಹಡಗಿನೊಳಗೆ ಆಮೆಚಿಪ್ಪಿನ ಹಾಗೆ ಬಾಗಿದ ಉಕ್ಕಿನ ಅಟ್ಟ (ಡೆಕ್) ಮಾತ್ರ. ಎಂಜಿನ್, ಬಾಯ್ಲರ್, ಮದ್ದು ಅದರಡಿ. ಆರ್ಮರ್ಡ್ ಎಂದರೆ ಅದರ ಜೊತೆಗೆ ನೀರಗೆರೆಯ ಉದ್ದಕ್ಕೂ ಪಕ್ಕದಲ್ಲಿ ನಿಲ್ಲಿಸಿದ ಫಲಕ, ಅದೇ ಬೆಲ್ಟ್. ನನ್ನ ಆಯ್ಕೆ: ‘ಅಟ್ಟಗವಚದ ಕ್ರೂಸರ್’, ‘ಪಕ್ಕಗವಚದ ಕ್ರೂಸರ್’. ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸ ಎಂದು ಮೂಗು ಮುರಿಯುವವರು ಮಳೆಗಾಲವನ್ನೂ ಬಿಟ್ಟುಕೊಡಬೇಕಾಗುತ್ತದೆ. ಹಳೆಯ ಕಾವ್ಯಗಳಲ್ಲಿ ಕವಚಕ್ಕೆ ‘ಜೋಡು’ ಎಂಬ ಚೆಂದದ ಮಾತಿದೆ, ಆದರೆ ಇವತ್ತು ಜೋಡು ಎಂದರೆ ಚಪ್ಪಲಿ. ಆಸೆಪಟ್ಟು ಫಲವಿಲ್ಲ.

ಡಿಸ್‌ಪ್ಲೇಸ್‌ಮೆಂಟ್. ‘ಸ್ಥಾನಪಲ್ಲಟ’ ಶಾಲೆಯ ಭೌತಶಾಸ್ತ್ರದ್ದು, ವಸ್ತು ಇಲ್ಲಿಂದ ಅಲ್ಲಿಗೆ ಸರಿದ ದೂರ. ಇಲ್ಲಿ ಸರಿದದ್ದು ನೀರು, ಅಳೆಯುವುದು ಅದರ ತೂಕ. ‘ಒತ್ತರಿಕೆ’ ಎನ್ನಿ. ಕೆರೆ ಒತ್ತುವರಿಯ ಸುದ್ದಿ ಓದುವವರಿಗೆ ವಿವರಿಸುವ ಕೆಲಸವೇ ಇಲ್ಲ: ಹಡಗು ನೀರಿನ ಜಾಗವನ್ನು ಒತ್ತರಿಸಿಕೊಂಡು ಕೂತಿದೆ. ನಿಮ್ಮ ಅಳತೆಯಲ್ಲೇ ನೋಡಿ. 150, 21.5, 7.5 ಗುಣಿಸಿದರೆ 24,187 ಘನ ಮೀಟರಿನ ಪೆಟ್ಟಿಗೆ. ಹಡಗು ಎರಡು ತುದಿಗೂ ಚೂಪಾಗುವುದರಿಂದ ಆ ಪೆಟ್ಟಿಗೆಯಲ್ಲಿ ಅರ್ಧದಷ್ಟನ್ನೇ ತುಂಬುತ್ತದೆ ಎನ್ನೋಣ: 12,094. ಸಮುದ್ರದ ನೀರು ಘನ ಮೀಟರಿಗೆ 1.025 ಟನ್, ಆದ್ದರಿಂದ ಒತ್ತರಿಕೆ 12,396 ಮೆಟ್ರಿಕ್ ಟನ್. ಬ್ರಿಟಿಷ್ ಕಡತಗಳ ಟನ್ 1,016 ಕಿಲೋ. ಅದರಲ್ಲಿ ಸುಮಾರು 12,200. ಯಾವ ಟನ್ ಎಂದು ಮೊದಲ ಪುಟದಲ್ಲೇ ಹೇಳಿಬಿಡಿ, ಇಲ್ಲವಾದರೆ ಮುಂದೆ ಎಲ್ಲೋ 200 ಟನ್ ಕಾಣೆಯಾಗುತ್ತದೆ. ವ್ಯಾಪಾರಿ ಹಡಗಿನ ಅಂದಿನ ಗ್ರಾಸ್ ಟನ್ನೇಜ್ ಬೇರೆಯೇ ಕಥೆ: ಅದು ತೂಕವಲ್ಲ, 100 ಘನ ಅಡಿಗೆ ಒಂದರಂತೆ ಎಣಿಸಿದ ಒಳಜಾಗ.

ಬೆಲ್ಟಿಗೆ ಒಡ್ಯಾಣ ನನಗೆ ತುಂಬ ಹಿಡಿಸಿತು. ಅದು ನಡುವಿನದು, ಸುತ್ತು ಬರುತ್ತದೆ, ಫಲಕ ಫಲಕ ಸೇರಿಸಿ ಮಾಡಿದ್ದು. ಕವಚದ ಬೆಲ್ಟೂ ಹಾಗೇ. ಎತ್ತರ ಮೂರೂವರೆ ಮೀಟರ್ ಎಂದಿಟ್ಟುಕೊಂಡರೆ ಎರಡೂ ಪಕ್ಕ ಸೇರಿ 630 ಚದರ ಮೀಟರ್, ತೂಕ ಸುಮಾರು 740 ಟನ್. ತುದಿಗಳಿಗೆ 75 ಮಿಲಿಮೀಟರ್ ಹೊದಿಸಿದರೆ ಇನ್ನೊಂದು 250. ಹೊಸಬರು ಎಡವುವುದು ಅಟ್ಟದ ಲೆಕ್ಕದಲ್ಲಿ. ಬರೀ 40 ಮಿಲಿಮೀಟರ್ ತಾನೇ ಎನ್ನುತ್ತಾರೆ, ಆದರೆ 2,100 ಚದರ ಮೀಟರಿಗೆ ಹರಡಿದಾಗ ಅದೂ ಸುಮಾರು 660 ಟನ್ ಆಗುತ್ತದೆ.

ಒಡ್ಯಾಣದ ಮೇಲಂಚು ನೀರಿನಿಂದ ಎರಡು ಮೀಟರ್ ಮೇಲಿದೆ ಎಂದು ಬರೆಯುವಾಗ ಯಾವ ಭಾರದಲ್ಲಿ ಎಂದೂ ಬರೆಯಿರಿ. ಈ ಹಡಗು ಒಂದು ಸೆಂಟಿಮೀಟರ್ ಇಳಿಯಲು ಸುಮಾರು 22 ಟನ್ ಸಾಕು. ಯುದ್ಧಕ್ಕೆ ಹೊರಡುವಾಗ 800 ಟನ್ ಹೆಚ್ಚುವರಿ ಕಲ್ಲಿದ್ದಲು ತುಂಬಿದರೆ ಸುಮಾರು 36 ಸೆಂಟಿಮೀಟರ್ ಇಳಿಯಿತು, ಎರಡು ಮೀಟರ್ ಇದ್ದದ್ದು 1.64 ಆಯಿತು. ವಿನ್ಯಾಸದ ತೂಕದಲ್ಲಿ ಸರಿಯಾಗಿದ್ದ ಒಡ್ಯಾಣ ತುಂಬಿದ ಹಡಗಿನಲ್ಲಿ ಮೊಣಕಾಲಿಗೆ ಜಾರಿರುತ್ತದೆ.

ಒಂದು ಬಲೆಯ ಬಗ್ಗೆ ಎಚ್ಚರ. ಅಂದಿನ ಬ್ರಿಟಿಷ್ ನಕ್ಷೆಗಳಲ್ಲಿ ‘40 ಪೌಂಡ್ ಪ್ಲೇಟ್’ ಎಂದಿದ್ದರೆ ಅದು ಆ ತಗಡಿನ ಒಟ್ಟು ತೂಕವಲ್ಲ. ಒಂದು ಚದರ ಅಡಿಯ ತೂಕ 40 ಪೌಂಡ್, ಅಂದರೆ ದಪ್ಪ ಒಂದು ಇಂಚು. 80 ಪೌಂಡ್ ಎಂದರೆ ಎರಡು ಇಂಚು. ಇದನ್ನು ‘ನಲವತ್ತು ಪೌಂಡ್ ತೂಗುವ ಫಲಕ’ ಎಂದು ಕನ್ನಡಿಸಿದರೆ ಹಡಗು ತವರದ ಡಬ್ಬಿಯಾಗುತ್ತದೆ.

‘ಸಿಮೆಂಟೆಡ್’ ಇನ್ನೂ ಅಪಾಯಕಾರಿ. ಗಾರೆ, ಕಾಂಕ್ರೀಟು ಯಾವುದೂ ಇಲ್ಲಿಲ್ಲ. ಉಕ್ಕಿನ ಫಲಕದ ಒಂದು ಮೈಯನ್ನು ಇಂಗಾಲದ ಜೊತೆ ದಿನಗಟ್ಟಲೆ ಕಾಯಿಸಿದಾಗ ಆ ಮೈ ಇಂಗಾಲವನ್ನು ಹೀರುತ್ತದೆ. ಆಮೇಲೆ ನೀರು ಚಿಮ್ಮಿಸಿ ಹದ ಕೊಟ್ಟರೆ ಮುಂಮೈ ಗಾಜಿನಂತೆ ಗಡಸು, ಹಿಂಮೈ ಬಾಗುವಷ್ಟು ಮೆತು. ಗುಂಡಿನ ಮೊನೆ ಮುಂಮೈಗೆ ಒಡೆಯಬೇಕು, ಫಲಕ ಮಾತ್ರ ಸೀಳಬಾರದು. ‘ಇಂಗಾಲವೂಡಿದ ಕ್ರುಪ್ ಉಕ್ಕು’ (ಕ್ರುಪ್ ಜರ್ಮನಿಯ ಉಕ್ಕಿನ ಕಂಪನಿ) ಎಂದರೆ ಕೆಲಸವೂ ತಿಳಿಯುತ್ತದೆ. ತೆಳು ಫಲಕಕ್ಕೆ ಈ ಉಪಚಾರ ಒಗ್ಗದು, ಹಾಗಾಗಿ ನಿಮ್ಮ ತುದಿಗಳ 75 ಮಿಲಿಮೀಟರಿಗೆ ‘ಊಡದ ಉಕ್ಕು’ ಎಂದೇ ನಮೂದಿಸಿ.

ಫಿರಂಗಿಗಳ ಜಾಗಕ್ಕೆ ನಮ್ಮ ಕೋಟೆಗಳ ಮಾತು ಧಾರಾಳವಾಗಿ ಸಾಕು. ಸೆಕೆಂಡರಿ ಬ್ಯಾಟರಿಗೆ, ಅಂದರೆ ನಿಮ್ಮ 6 ಇಂಚಿನ ಫಿರಂಗಿಗಳ ಗುಂಪಿಗೆ, ‘ಎರಡನೇ ಬತ್ತೇರಿ’: ಮಂಗಳೂರಿನ ಸುಲ್ತಾನ್ ಬತ್ತೇರಿ ಇರುವಾಗ ಟಾರ್ಚಿನ ಬ್ಯಾಟರಿ ಯಾಕೆ? ಮ್ಯಾಗಜಿನ್ ಎಂದರೆ ಮದ್ದಿನ ಮನೆ, ಶ್ರೀರಂಗಪಟ್ಟಣದಲ್ಲಿ ಇರುವ ಹಾಗೆ. ಟರೆಟ್ ‘ತಿರುಗು ಬುರುಜು’. ಬಾರ್ಬೆಟ್ ಅದರ ಕೆಳಗಿನ ಸ್ಥಿರ ಉಕ್ಕಿನ ಸುತ್ತು, ನಾನು ‘ಬಾವಿಕಟ್ಟೆ’ ಎನ್ನುತ್ತೇನೆ. ಕಟ್ಟೆ ಅಲುಗುವುದಿಲ್ಲ, ಮೇಲಿನ ಬುರುಜು ತಿರುಗುತ್ತದೆ, ತಳದ ಮದ್ದಿನ ಮನೆಯಿಂದ ಗುಂಡು ಮೇಲೆ ಬರುವುದು ಬಾವಿಯಿಂದ ಕೊಡ ಸೇದಿದ ಹಾಗೇ. ಆದರೆ ಅದೇ ದಾರಿಯಲ್ಲಿ ಬೆಂಕಿ ಕೆಳಗೂ ಇಳಿಯುತ್ತದೆ. 1916ರ ಮೇ 31ರಂದು ಜಟ್ಲಂಡ್ ಕದನದಲ್ಲಿ ಬ್ರಿಟಿಷ್ ಹಡಗು ‘ಡಿಫೆನ್ಸ್’ ಸಿಡಿದಾಗ ಒಂದು ಮದ್ದಿನ ಮನೆಯ ಉರಿ ಗುಂಡು ಸಾಗಿಸುವ ಓಣಿಗಳಲ್ಲಿ ಹಾದು ಉಳಿದವಕ್ಕೂ ಹಬ್ಬಿತು. ನಕ್ಷೆಯಲ್ಲಿ ‘ಓಣಿ’ ಎಂದು ಬರೆದ ಕಡೆಯಲ್ಲೆಲ್ಲ ಬಾಗಿಲೆಲ್ಲಿ ಎಂದು ಕೇಳಿಕೊಳ್ಳಿ.

ಕೇಸ್‌ಮೇಟ್ ‘ಫಿರಂಗಿ ಗೂಡು’, ಹಡಗಿನ ಪಕ್ಕದಲ್ಲಿ ಫಿರಂಗಿ ಕೂರಿಸುವ ಕವಚದ ಕೋಣೆ. ಹನ್ನೆರಡನ್ನೂ ಎರಡಂತಸ್ತಿನ ಗೂಡುಗಳಲ್ಲಿ ಜೋಡಿಸುವ ಆಸೆ ಸಹಜ, ಜಾಗ ಉಳಿಯುತ್ತದೆ. ಆದರೆ ಕೆಳಗಿನ ಗೂಡಿನ ಬಾಯಿ ನೀರಿಗೆ ತೀರ ಹತ್ತಿರ. 1914ರ ನವೆಂಬರ್ 1ರಂದು ಚಿಲಿಯ ಕೊರೊನೆಲ್ ಎದುರು ‘ಗುಡ್ ಹೋಪ್’ ಮತ್ತು ‘ಮಾನ್ಮತ್’ ಹಡಗುಗಳ ಕೆಳಗೂಡುಗಳಿಗೆ ಅಲೆ ನುಗ್ಗುತ್ತಿತ್ತು; ಕಾಗದದ ಮೇಲಿನ ಫಿರಂಗಿಗಳಲ್ಲಿ ಎಷ್ಟೋ ಕೆಲಸಕ್ಕೆ ಬರಲಿಲ್ಲ. ಎದುರಿದ್ದ ಜರ್ಮನ್ ಹಡಗುಗಳಾದ ‘ಷಾರ್ನ್‌ಹೋರ್ಸ್ಟ್’, ‘ಗ್ನೈಸೆನೌ’ ತಲಾ 21 ಸೆಂಟಿಮೀಟರಿನ ಎಂಟು ಫಿರಂಗಿಗಳನ್ನು ಹೊತ್ತಿದ್ದವು. ಎರಡೂ ಬ್ರಿಟಿಷ್ ಹಡಗು ಮುಳುಗಿದವು, ಒಬ್ಬರೂ ಉಳಿಯಲಿಲ್ಲ. ಗೂಡುಗಳನ್ನು ಮೇಲಟ್ಟಕ್ಕೆ ಏರಿಸಿ, ಹನ್ನೆರಡನ್ನು ಹತ್ತಕ್ಕೆ ಇಳಿಸಿದರೂ ನಷ್ಟವಿಲ್ಲ.

‘45 ಕ್ಯಾಲಿಬರ್’: ಒಂದೇ ಪದಕ್ಕೆ ಎರಡು ಅರ್ಥ. ನಳಿಗೆಯ ಬಾಯಿಯ ಅಗಲವೂ ಅದೇ, ನಳಿಗೆಯ ಉದ್ದ ಬಾಯಗಲದ ಎಷ್ಟು ಪಟ್ಟು ಎಂಬುದೂ ಅದೇ. ಮೊದಲನೆಯದಕ್ಕೆ ‘ಬಾಯಳತೆ’, ಎರಡನೆಯದಕ್ಕೆ ‘ಉದ್ದ 45 ಬಾಯಳತೆ’. 8 ಇಂಚನ್ನು 45ರಿಂದ ಗುಣಿಸಿದರೆ 360 ಇಂಚು, ಸರಿಯಾಗಿ 30 ಅಡಿ.

ಉತ್ತರ 2:

ಒಡ್ಯಾಣಕ್ಕೆ ನನ್ನ ತಕರಾರಿದೆ. ಅದು ಆಭರಣ, ಮೈ ಕಾಯುವುದಲ್ಲ. ‘ನಡುಕಟ್ಟು’ ಎನ್ನಿ, ಕೆಲಸಕ್ಕೆ ಇಳಿಯುವವನು ಕಟ್ಟಿಕೊಳ್ಳುವುದು ಅದನ್ನೇ. ತುದಿಗಳಿಗೆ ಹೊದಿಸಿದ ತೆಳುಫಲಕಕ್ಕೆ ಒಡ್ಯಾಣ ಒಗ್ಗುವುದೂ ಇಲ್ಲ.

ವೇಗದ ಬಗ್ಗೆ ಯಾರೂ ಹೇಳಲಿಲ್ಲ. ‘ಗಂಟೆಗೆ 23 ನಾಟ್’ ಎಂದು ಬರೆದರೆ ತಪ್ಪು. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ‘ಇಂಡಿಕೇಟೆಡ್ ಹಾರ್ಸ್‌ಪವರ್’ಗೆ ‘ಸೂಚಿತ’ ಎನ್ನುವುದಕ್ಕಿಂತ ‘ಸಿಲಿಂಡರಿನ ಅಶ್ವಶಕ್ತಿ’ ವಾಸಿ, ಯಾಕೆಂದರೆ ಅಳೆದದ್ದು ಸಿಲಿಂಡರಿನೊಳಗಿನ ಹಬೆಯ ಒತ್ತಡವನ್ನು. ಟರ್ಬೈನಿನಲ್ಲಿ ಹಾಗೆ ಅಳೆಯಲಾಗದು, ಅಲ್ಲಿ ‘ದಂಡದ ಅಶ್ವಶಕ್ತಿ’.

ಬ್ರಿಟಿಷರ ‘ಕ್ರೆಸ್ಸಿ’ ವರ್ಗ 12,000 ಟನ್, 21,000 ಅಶ್ವಶಕ್ತಿ, 21 ನಾಟ್. ಅದರ ಪ್ರಮಾಣ ಹಿಡಿದರೆ ನಿಮ್ಮ ಹಡಗಿಗೆ 23 ನಾಟ್‌ಗೆ 28,000 ಬೇಕು. ಎರಡೇ ನಾಟ್‌ಗೆ ಇದೇ ಹಡಗು ಕೇಳುವುದು ಶೇಕಡಾ 31 ಹೆಚ್ಚು, ಯಾಕೆಂದರೆ ಶಕ್ತಿ ಏರುವುದು ವೇಗದ ಘನದಂತೆ. ಯಂತ್ರದ ಟನ್ನಿಗೆ 12 ಅಶ್ವಶಕ್ತಿ ಎಂದುಕೊಂಡರೂ 560 ಟನ್ ಹೆಚ್ಚುವರಿ ಉಕ್ಕು, ಅಂದರೆ ನಡುಕಟ್ಟಿನ ಮುಕ್ಕಾಲು ಭಾಗದಷ್ಟು. ಎಲ್ಲಿಂದ ತರುತ್ತೀರಿ? ಅಶ್ವಶಕ್ತಿಗೆ ಗಂಟೆಗೆ ಎರಡು ಪೌಂಡ್ ಕಲ್ಲಿದ್ದಲು ಎಂದು ಹಿಡಿಯಿರಿ: ಪೂರ್ಣ ವೇಗದಲ್ಲಿ ಗಂಟೆಗೆ 25 ಟನ್, 1,000 ಟನ್ನಿನ ಕಣಜ 40 ಗಂಟೆಗೆ ಖಾಲಿ, ದೂರ 920 ನಾಟಿಕಲ್ ಮೈಲಿ. 10 ನಾಟ್‌ನಲ್ಲಿ ಗಂಟೆಗೆ ಎರಡು ಟನ್ನಿಗಿಂತ ತುಸು ಹೆಚ್ಚು, ಅದೇ ಕಣಜ 4,900 ಮೈಲಿ ಒಯ್ಯುತ್ತದೆ. ‘ಬಂಕರ್’ಗೆ ಕಣಜ ಎಂದದ್ದು ಬೇಕೆಂದೇ. ಪಕ್ಕದ ಕಣಜಗಳು ಕವಚದ ಹಿಂದೆ ಇನ್ನೊಂದು ಗೋಡೆಯಾಗುತ್ತವೆ, ನಿಜ. ಆದರೆ ಟಾರ್ಪಿಡೋ ತಗುಲಿ ಒಂದೇ ಮಗ್ಗುಲಿನವಕ್ಕೆ ನೀರು ತುಂಬಿದರೆ ಹಡಗು ಆ ಕಡೆಗೆ ವಾಲಿ ಮಗುಚುತ್ತದೆ. 1914ರ ಸೆಪ್ಟೆಂಬರ್ 22ರ ಬೆಳಿಗ್ಗೆ ‘ಅಬುಕಿರ್’, ‘ಹೋಗ್’, ‘ಕ್ರೆಸ್ಸಿ’ ಮೂರನ್ನೂ ಜರ್ಮನಿಯ ಯು-9 ಎಂಬ ಒಂದೇ ಜಲಾಂತರ್ಗಾಮಿ ಮುಳುಗಿಸಿತು.

ಅದೇ ದಿನ ರಾತ್ರಿ ಮದರಾಸಿನ ಎಣ್ಣೆ ತೊಟ್ಟಿಗಳಿಗೆ ಗುಂಡು ಹಾರಿಸಿದ್ದು ಜರ್ಮನಿಯ ‘ಎಮ್ಡನ್’. ತಮಿಳಿನಲ್ಲಿ ಗಟ್ಟಿಗನಿಗೆ, ಚಾಲಾಕಿಗೆ ‘ಎಮ್ಡನ್’ ಎನ್ನುವುದು ಅದರಿಂದಲೇ. ಅದನ್ನೂ ಆರ್ಮರ್ಡ್ ಕ್ರೂಸರ್ ಎಂದು ಬರೆಯುವುದುಂಟು, ಅಲ್ಲ. ಅದು ನಾಲ್ಕು ಸಾವಿರ ಟನ್ನೂ ಇರದ ಲಘು ಕ್ರೂಸರ್, ಮೇಲಿನ ಹೆಸರಿನ ಪ್ರಕಾರ ಅಟ್ಟಗವಚದ್ದು.

ಉತ್ತರ 3:

‘ತಿರುಗು ಬುರುಜು’, ‘ಬಾವಿಕಟ್ಟೆ’ ಒಪ್ಪಿಗೆ. ಕಣ್ಣಾರೆ ಕಾಣಬೇಕಿದ್ದರೆ ಉಳಿದಿರುವ ಹಡಗು ಒಂದೇ: ಗ್ರೀಸಿನ ‘ಜಾರ್ಜಿಯೋಸ್ ಅವೆರೋಫ್’, ಈಗ ಅಥೆನ್ಸ್ ಪಕ್ಕದ ಫಾಲಿರೋದಲ್ಲಿ ವಸ್ತುಸಂಗ್ರಹಾಲಯ. 9.2 ಇಂಚಿನ ನಾಲ್ಕು, 7.5 ಇಂಚಿನ ಎಂಟು, ಎಲ್ಲವೂ ಜೋಡಿ ಬುರುಜುಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಬೊಂಬಾಯಿಯನ್ನು ನೆಲೆ ಮಾಡಿಕೊಂಡು ಹಿಂದೂ ಮಹಾಸಾಗರದಲ್ಲಿ ಬೆಂಗಾವಲಿಗೆ ಓಡಾಡಿದ ಹಡಗು ಅದು.

ಕೊನೆಯದಾಗಿ ಕಾಲದೋಷ. ವಿವರಣೆಯಲ್ಲಿ ಎಲ್ಲೂ ‘ಬ್ಯಾಟಲ್‌ಕ್ರೂಸರ್’ ಬರದಂತೆ ನೋಡಿಕೊಳ್ಳಿ. 12 ಇಂಚಿನ ಎಂಟು ಫಿರಂಗಿ, 25 ನಾಟ್ ವೇಗದ ಬ್ರಿಟಿಷರ ‘ಇನ್ವಿನ್ಸಿಬಲ್’ ಪಡೆಗೆ ಸೇರಿದಾಗಲೂ ಕಡತದಲ್ಲಿ ಆರ್ಮರ್ಡ್ ಕ್ರೂಸರೇ ಆಗಿತ್ತು. ಹೊಸ ಹೆಸರು ಅಧಿಕೃತವಾದದ್ದು 1911ರಲ್ಲಿ.