‘ಸಯನೋಬ್ಯಾಕ್ಟೀರಿಯಾದ ವಿಷತ್ವ’: ವಿಷ ಯಾರದು, ಯಾರಿಗೆ?

ಚಿಕ್ಕಮಗಳೂರು ಸೀಮೆಯ ತೋಟದ ಕೆರೆಗಳ ನೀರಿನ ಕುರಿತು ಬೆಳೆಗಾರರಿಗಾಗಿ ಸಿದ್ಧವಾಗುತ್ತಿರುವ ಕಿರುಹೊತ್ತಿಗೆಯೊಂದರ ಕರಡು ತಿದ್ದುವಾಗ ಎದ್ದ ಪ್ರಶ್ನೆಯಿದು. ಡೀಸೆಲ್, ಎಂಜಿನ್ ಆಯಿಲ್ ಮೊದಲಾದವುಗಳಲ್ಲಿನ ಹೈಡ್ರೋಕಾರ್ಬನ್‌ಗಳು (ಇಂಗಾಲ, ಜಲಜನಕಗಳಷ್ಟೇ ಇರುವ ಸಂಯುಕ್ತಗಳು) ಸಿಹಿನೀರಿನ ಸಯನೋಬ್ಯಾಕ್ಟೀರಿಯಾಗಳಿಗೆ, ಅಂದರೆ ‘ನೀಲಿ-ಹಸಿರು ಪಾಚಿ’ ಎಂದು ಕರೆಯುವ ಸೂಕ್ಷ್ಮಜೀವಿಗಳಿಗೆ, ಮಾಡುವ ಹಾನಿಯನ್ನು ವಿವರಿಸುವ ಅಧ್ಯಾಯಕ್ಕೆ ‘ಸಯನೋಬ್ಯಾಕ್ಟೀರಿಯಾದ ವಿಷತ್ವ’ ಎಂದು ಹೆಸರಿಡಲಾಗಿದೆ. ಇಲ್ಲಿ ಷಷ್ಠೀ ವಿಭಕ್ತಿಯು ಅರ್ಥವನ್ನೇ ತಿರುಗಿಸಿಬಿಡುತ್ತದೆ. ಮೈಕ್ರೊಸಿಸ್ಟಿಸ್‌ನಂಥ ಕೆಲವು ಸಯನೋಬ್ಯಾಕ್ಟೀರಿಯಾಗಳು ಯಕೃತ್ತಿಗೆ ಕೇಡು ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷವನ್ನು ತಾವೇ ತಯಾರಿಸುವುದರಿಂದ, ಓದಿದವರು ದನಕ್ಕೆ ಕುಡಿಸುವ ನೀರಿನ ಬಗ್ಗೆ ಎಚ್ಚರಿಕೆ ಕೊಡಲಾಗುತ್ತಿದೆ ಎಂದುಕೊಳ್ಳುವುದು ಸಹಜ. ‘ಸಯನೋಬ್ಯಾಕ್ಟೀರಿಯಾಗಳ ಮೇಲೆ ಹೈಡ್ರೋಕಾರ್ಬನ್‌ಗಳ ವಿಷಪರಿಣಾಮ’ ಎಂದರೆ ಗೊಂದಲವಿಲ್ಲ. ಉದ್ದವಾಯಿತೆಂಬ ಆಕ್ಷೇಪ ಬಂದರೂ ಅದನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹೆಚ್ಚು ತೊಡಕಿರುವುದು ‘ವಿಷ’ ಎಂಬ ಮಾತಿನಲ್ಲಿಯೇ. ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸಲು ಕೆರೆಯಂಚಿನಲ್ಲಿ ಡೀಸೆಲ್ ಪಂಪ್‌ಸೆಟ್ ಕೂರಿಸಿದಾಗ, ಸೋರಿದ ಎಣ್ಣೆ ನೀರಿನ ಮೇಲೆ ನೇರಳೆ, ಹಳದಿ, ಹಸಿರು ಬಳೆಗಳಂತೆ ಹರಡಿ ನಿಲ್ಲುವುದನ್ನು ತೋಟದವರೆಲ್ಲ ಕಂಡಿರುತ್ತಾರೆ. ಆದರೆ ಕಣ್ಣಿಗೆ ಕಾಣುವ ಆ ಪೊರೆಗಿಂತ ನೀರಿನಲ್ಲಿ ಕರಗಿ ಕಾಣದಂತಾದ ಅಂಶವೇ ಜೀವಕೋಶವನ್ನು ಸುಲಭವಾಗಿ ಹೊಗುತ್ತದೆ. ನುಸಿಗುಳಿಗೆಯಲ್ಲಿ ಬಳಸುತ್ತಿದ್ದ, ಇಂಗಾಲದ ಎರಡು ಉಂಗುರಗಳ ನ್ಯಾಫ್ತಲೀನ್ ಒಂದು ಲೀಟರ್ ನೀರಿನಲ್ಲಿ ಸುಮಾರು 30 ಮಿಲಿಗ್ರಾಂ ಕರಗಿದರೆ, ಐದು ಉಂಗುರಗಳ ಬೆಂಜೊಪೈರೀನ್ ಕೆಲವೇ ಮೈಕ್ರೊಗ್ರಾಂ ಕರಗುತ್ತದೆ. ಇವು ಕೊಬ್ಬನ್ನು ಬಯಸುವ ಅಣುಗಳಾದ್ದರಿಂದ ಕೋಶಪೊರೆಯೊಳಗೆ ಸೇರಿ ಅದನ್ನು ಸಡಿಲಗೊಳಿಸುತ್ತವೆ, ದ್ಯುತಿಸಂಶ್ಲೇಷಣೆ ನಡೆಯುವ ಥೈಲಕಾಯ್ಡ್ ಪೊರೆಗೂ ತೊಂದರೆ ಕೊಡುತ್ತವೆ. ಆಂತ್ರಸೀನ್‌ನಂಥ ಕೆಲವು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಇನ್ನೂ ಉಗ್ರವಾಗುತ್ತವೆ. ಪೊರೆ ಸಡಿಲಗೊಳ್ಳುವುದರಿಂದ ಉಂಟಾಗುವ ಈ ಸಾಮಾನ್ಯ ಪರಿಣಾಮಕ್ಕೆ ಕರಡಿನಲ್ಲಿ ‘ಮಂಪರು’ ಎಂದಿದೆ. ನರವೇ ಇಲ್ಲದ ಜೀವಿಗೆ ಮಂಪರು ಹೇಗೆ ಬಂದೀತು?

‘ನಂಜು’ ಎನ್ನೋಣವೆಂದರೆ, ಗಾಯ ಕೀವುಗಟ್ಟಿದರೂ ಮಲೆನಾಡಿನಲ್ಲಿ ನಂಜಾಯಿತೆನ್ನುತ್ತಾರೆ, ಬದನೆಕಾಯಿ ತಿಂದರೂ ನಂಜೆನ್ನುತ್ತಾರೆ. ‘ಸೊರಗು’ ಎಂಬ ಸಲಹೆಯೂ ಬಂದಿದೆ. ಕೇಳಲು ಚೆಂದವಾದರೂ ಬೆಳೆಗಾರರಿಗೆ ಅದು ಕಾಳುಮೆಣಸಿನ ಬಳ್ಳಿಯ ರೋಗದ ಹೆಸರು. ಕರಡಿನ ‘ಮಾರಕ ಪ್ರಮಾಣ’ವಂತೂ ಕೂಡದು. ಇಂಥ ಪರೀಕ್ಷೆಗಳಲ್ಲಿ ಅಳೆಯುವುದು ಸಾವನ್ನಲ್ಲ, ಬೆಳವಣಿಗೆಯನ್ನು. ಪಾಚಿ ಮತ್ತು ಸಯನೋಬ್ಯಾಕ್ಟೀರಿಯಾಗಳಿಗೆಂದೇ ಇರುವ ಓಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ) 201ನೇ ಮಾರ್ಗಸೂಚಿಯಂತೆ ಸಾಮಾನ್ಯವಾಗಿ 72 ಗಂಟೆಗಳ ಕಾಲ ಬೆಳೆಸಿ, ಬೆಳವಣಿಗೆಯ ವೇಗ ಅರ್ಧಕ್ಕಿಳಿಯುವ ಸಾಂದ್ರತೆಯನ್ನು ಗುರುತಿಸುತ್ತಾರೆ. ‘ಅರ್ಧತಡೆ ಸಾಂದ್ರತೆ’ ಎಂಬುದು ನನಗೆ ಹೊಳೆದ ರೂಪ.

‘ಹೈಡ್ರೋಕಾರ್ಬನ್ ಎಂಬ ವಿಷ’ ಎಂಬ ಪ್ರಯೋಗವನ್ನೂ ಹೊಡೆದುಹಾಕಿದ್ದೇನೆ. ಹದಿನೇಳು ಇಂಗಾಲಗಳ ಹೆಪ್ಟಾಡೆಕೇನ್ ಎಂಬ ಹೈಡ್ರೋಕಾರ್ಬನ್ನನ್ನು ಅನೇಕ ಸಯನೋಬ್ಯಾಕ್ಟೀರಿಯಾಗಳು ತಮ್ಮೊಳಗೇ ತಯಾರಿಸಿಕೊಳ್ಳುತ್ತವೆ. ಆದ್ದರಿಂದ ‘ಮಾಲಿನ್ಯಕಾರಕ’ ಎಂಬ ವಿಶೇಷಣವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ನ್ಯಾಫ್ತಲೀನ್‌ನಂಥ ಉಂಗುರ ರಚನೆಯ ಹೈಡ್ರೋಕಾರ್ಬನ್‌ಗಳಿಗೆ ಹೇಳುವ ‘ಆರೊಮ್ಯಾಟಿಕ್’ ಪದಕ್ಕೆ ಯಾರೋ ‘ಸುಗಂಧಿತ’ ಎಂದು ಬರೆದಿದ್ದರು. ಡೀಸೆಲ್ ಮೂಸಿದವರು ಯಾರೂ ಅದನ್ನು ಒಪ್ಪಲಾರರು.

ಜೀವಿಯ ಹೆಸರೂ ಇತ್ಯರ್ಥವಾಗಿಲ್ಲ. ಗದ್ದೆಗೆ ಜೈವಿಕ ಗೊಬ್ಬರವಾಗಿ ಅನಬೀನ, ನಾಸ್ಟಾಕ್‌ಗಳನ್ನು ಬಳಸಿದವರಿಗೆ ‘ನೀಲಿ-ಹಸಿರು ಪಾಚಿ’ ಪರಿಚಿತ. ಸಾರಜನಕವನ್ನು ಹಿಡಿದಿಡುವ ಇವುಗಳ ಬೆಳವಣಿಗೆ ಕುಂದಿದರೆ ಗದ್ದೆಗೂ ನಷ್ಟವೆಂಬುದು ಆ ಹೆಸರಿನಲ್ಲಿ ಬೇಗ ಮನವರಿಕೆಯಾಗುತ್ತದೆ. ಆದರೆ ಇವು ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಾಗಳೇ ಹೊರತು ನಿಜವಾದ ಪಾಚಿಗಳಲ್ಲ. ಮೊದಲ ಸಲ ಎರಡೂ ಹೆಸರು ಕೊಟ್ಟು, ಮುಂದೆ ‘ಸಯನೋಬ್ಯಾಕ್ಟೀರಿಯಾ’ ಎಂದೇ ಸಾಗುವುದು ಸರಿಯೆಂದು ತೋರುತ್ತದೆ.

‘ಅರ್ಧತಡೆ ಸಾಂದ್ರತೆ’ಗಿಂತ ಹಗುರವಾದ ಮಾತು ಈಗಾಗಲೇ ಬಳಕೆಯಲ್ಲಿದೆಯೇ, ‘ಮಂಪರು’ ತೆಗೆದ ಕಡೆ ‘ಪೊರೆಸಡಿಲಿಕೆ’ ಒಪ್ಪುವುದೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.