ಸಹಾಯ ಬೇಕು: ಟ್ರೇಲರ್ ಎಳ್ಕೊಂಡು ಯಾವ ಘಾಟಿ ಇಳಿಯೋದು?

ನವೆಂಬರ್‌ನಲ್ಲಿ ಶಿವಮೊಗ್ಗದಿಂದ ಕರಾವಳಿಗೆ ಇಳಿದು, ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ, ಕನ್ಯಾಕುಮಾರಿ ತನಕ ಹೋಗೋ ಯೋಜನೆ. ಜೀಪಿನ ಹಿಂದೆ 16 ಅಡಿಯ ಕ್ಯಾರವಾನ್ (ಒಳಗೆ ಉಳಿದುಕೊಳ್ಳಬಹುದಾದ ಟ್ರೇಲರ್), ಸಾಮಾನು ಸೇರಿ 1,200 ಕೆಜಿ.

ಆಗುಂಬೆ ಕೈಬಿಟ್ಟಿದ್ದೇವೆ. ಆ 14 ಹೇರ್‌ಪಿನ್ ತಿರುವುಗಳಲ್ಲಿ ಜೀಪು ತಿರುಗಿದರೂ ಟ್ರೇಲರಿನ ಒಳಗಿನ ಚಕ್ರ ಮೂಲೆ ಕತ್ತರಿಸಿ ಚರಂಡಿಗೆ ಇಳಿಯುತ್ತೆ. ಎದುರಿಗೆ ಬಸ್ಸು ಬಂದರೆ ರಿವರ್ಸ್ ಹೋಗೋಕೂ ಆಗಲ್ಲ. ಉಳಿದದ್ದು ಎರಡು: ಸಾಗರ–ಗೇರುಸೊಪ್ಪೆ–ಹೊನ್ನಾವರ, ಇಲ್ಲವೇ ಸಿಗಂದೂರು ಸೇತುವೆ ದಾಟಿ ಕೊಲ್ಲೂರು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯೋ ತಾಪತ್ರಯ ತಪ್ಪಿದೆ, ನಮ್ಮ ಮನಸ್ಸು ಅತ್ತಲೇ. ಆದರೆ ಮಳೆಗಾಲ ಮುಗಿದ ಮೇಲೆ ಕೊಲ್ಲೂರು ದಾರಿಯ ನಾಗೋಡಿ ಘಾಟಿ ಕಡೆ ರಸ್ತೆಯ ಅಂಚು ಹೇಗಿದೆ?

ಜೀಪಿಗೆ ಟ್ರೇಲರ್ ಸಿಕ್ಕಿಸೋ ಕೊಂಡಿ ಮೇಲೆ ತೂಕ 120ರಿಂದ 140 ಕೆಜಿ ಇಟ್ಟಿದ್ದೇವೆ. 80 ಲೀಟರಿನ ನೀರಿನ ಟ್ಯಾಂಕು ಆಕ್ಸಲ್ ಹಿಂದಿದೆ. ತುಂಬಿದರೆ ಮೂತಿ ಹಗುರಾಗಿ ಬಾಲ ತೂರಾಡುತ್ತೆ. ಹಾಗಾಗಿ ಖಾಲಿ ಟ್ಯಾಂಕಿನಲ್ಲೇ, ಎರಡನೇ ಗೇರಲ್ಲಿ ಇಳಿಯೋದು. ಬಿಸಿಯಾದ ಬ್ರೇಕ್ ತಣ್ಣಗಾಗೋ ತನಕ ನಿಲ್ಲೋಕೆ 40 ಅಡಿ ಸಮತಟ್ಟು ಜಾಗ ಯಾವ ದಾರೀಲಿ, ಎಲ್ಲಿದೆ? ಈಚೆಗೆ ಲಾರಿ ಓಡಿಸಿದ ಅಣ್ಣಂದಿರು ದಯವಿಟ್ಟು ತಿಳಿಸಿ. ಸಾಗರದಲ್ಲಿ ಟ್ರೇಲರ್ ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿಕೊಡೋರು ಇದ್ದರೆ ಅದನ್ನೂ ಹೇಳಿ.